ಕೊನೆಯ ಮನೆಗೆ ಮೊದಲ ನೀರು

ಪಟ್ಟಣ ಪಂಚಾಯಿತಿ ಸದಸ್ಯೆಯ ಮನೆಗೇ ಇಡೀ ಓಣಿಯಲ್ಲಿ ಎಲ್ಲರಿಗಿಂತ ಕೊನೆಗೆ ನೀರು ಬರುವ ಅನ್ಯಾಯವನ್ನು ಇವತ್ತು, ಈಗಲೇ, ಒಂದೇ ಫೋನ್ ಕರೆಯಲ್ಲಿ ಕೊನೆಗಾಣಿಸುತ್ತೇನೆ! ಹೀಗೆಂದು ನಾನು ಶಪಥ ಮಾಡಿದಾಗ ಒಂದು ಕೈಯಲ್ಲಿ ಖಾಲಿ ಚೊಂಬು, ಇನ್ನೊಂದು ಕೈಯಲ್ಲಿ ಅಳುವ ಮಗಳು. ಮೈಸೂರಿನ ಹಾಸ್ಟೆಲಿನಲ್ಲಿ ನೀರುಸಾರಿನ ವಿರುದ್ಧ ಉಪವಾಸ ಕೂತು ಗೆದ್ದವಳು ನಾನು. ಕೊಟ್ಟೂರಿನ ಒಂದು ನಲ್ಲಿ ನನಗೆ ಯಾವ ಲೆಕ್ಕ?

ಹೋರಾಟಕ್ಕೆ ಕಾರಣ ರಾಜಕೀಯವಲ್ಲ, ಬೆವರುಸಾಲೆ. ಒಂದೂವರೆ ವರ್ಷದ ಮಗಳ ಕತ್ತಿನ ಸುತ್ತ ಕೆಂಪು ಗುಳ್ಳೆ ಎದ್ದಿತ್ತು. "ಬೇಸಿಗೆ ಅಲ್ವಾ, ದಿನಕ್ಕೆರಡು ಸಲ ಮೈ ತೊಳೀರಿ, ಹೋಗುತ್ತೆ" ಎಂದು ಡಾಕ್ಟರು ನಕ್ಕಿದ್ದರು. ನಾನು ನಗಲಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅದೇ ಗುಳ್ಳೆಗೆ ಒಂದು ಡಜನ್ ಕಾಯಿಲೆಗಳಿದ್ದವು, ಅದರಲ್ಲಿ ಮೂರಕ್ಕೆ ಮದ್ದೇ ಇರಲಿಲ್ಲ! ಇತ್ತ ಅಂಗಳದ ಸಂಪಿನಲ್ಲಿ ತಳ ಕಾಣುತ್ತಿತ್ತು.

ಸದಸ್ಯೆ ಎಂದರೆ ನನ್ನ ಅತ್ತೆ ದಾಕ್ಷಾಯಣಮ್ಮ. ಮೂರು ಸಲ ಗೆದ್ದವರು, ಈಗ ನಾಲ್ಕನೆಯ ಸಲ ನಿಂತಿದ್ದರು. ಮೊದಲ ಸಲ ವಾರ್ಡು ಮಹಿಳೆಯರಿಗೆ ಮೀಸಲಾದಾಗ ಅವರನ್ನು ನಿಲ್ಲಿಸಿದ್ದು ಮಾವ ಶಿವಯೋಗಪ್ಪನವರೇ. ಹೆಸರು ಹೆಂಡತಿಯದು, ಕುರ್ಚಿ ತನ್ನದು ಎಂಬ ಆಸೆ! ಮೊದಲ ಸಭೆಗೆ ಇಸ್ತ್ರಿ ಅಂಗಿ ತೊಟ್ಟು ಹೋಗಿ ಕುರ್ಚಿಯಲ್ಲಿ ಕೂತೂಬಿಟ್ಟರಂತೆ. ಅತ್ತೆ ಎಲ್ಲರೆದುರು, "ಏಳ್ರಿ, ಅದು ನಂದು. ನೀವು ಹೊರಗ ಕುಂದರ್ರಿ, ಮೀಟಿಂಗ್ ಮುಗಿದ ಮ್ಯಾಲೆ ಇಬ್ರೂ ಮಂಡಕ್ಕಿ ಮಿರ್ಚಿ ತಿನ್ನೂಣು" ಅಂದರಂತೆ. ಅಂದಿನಿಂದ ಚುನಾವಣೆಯ ಹೆಸರೆತ್ತಿದರೆ ಸಾಕು, ಮಾವ ಹೊಲದ ಕಡೆ ಹೊರಟುಬಿಡುತ್ತಾರೆ.

ಎರಡನೆಯ ಚುನಾವಣೆಯಲ್ಲಿ ಎದುರಾಳಿ ಮನೆಮನೆಗೆ ಸೀರೆ ಹಂಚಿದರು. ಅತ್ತೆ ಅವರ ಹಿಂದೆಯೇ ಮನೆಮನೆಗೆ ಹೋಗಿ, "ಸೀರಿ ಬಣ್ಣ ಬಿಡ್ತೈತಿ, ಬ್ಯಾರೆ ನೆನಿ ಹಾಕ್ರಿ" ಎಂದು ಬುದ್ಧಿ ಹೇಳಿ ಗೆದ್ದರು! ಮೂರನೆಯದರಲ್ಲಿ ಮಂಡಿನೋವು, ಆಟೋದಲ್ಲಿ ಕೂತೇ ವಾರ್ಡು ಸುತ್ತಿದರು. ಭಾಷಣ ಮಾತ್ರ ಎಲ್ಲ ಸಲವೂ ಒಂದೇ: "ನಿಮ್ಮ ಕೊಡ ತುಂಬಿದ ಮ್ಯಾಲೇನಾ ನನ್ನ ಕೊಡ!"

ಈ ಒಂದು ಸಾಲೇ ನಮ್ಮ ಮನೆಗೆ ಮುಳುವಾಯಿತು. ನಮ್ಮದು ಇಳಿಜಾರಿನ ಓಣಿಯ ಮೇಲ್ತುದಿ. ಮುಖ್ಯ ಪೈಪು ನಮ್ಮ ಗೋಡೆಗೇ ಆತುಕೊಂಡಿದೆ. ನ್ಯಾಯವಾಗಿ ಮೊದಲ ಹನಿ ನಮಗೆ ಬೀಳಬೇಕು. ಆದರೆ ಅತ್ತೆ ನಮ್ಮ ನಲ್ಲಿಗೆಂದೇ ಪ್ರತ್ಯೇಕ ವಾಲ್ವ್ ಹಾಕಿಸಿದ್ದಾರೆ. ಯಾಕೆ? ಎಲ್ಲರ ಕೊನೆಗೆ ತೆಗೆಯುವುದಕ್ಕೆ!

ಅಂದು ನೀರು ಬಿಡುವ ದಿನ. ಅತ್ತೆ ಓಣಿಯ ಕೆಳಗಡೆ ಪ್ರಚಾರಕ್ಕೆ ಹೋದದ್ದೇ ತಡ, ನೀರು ಬಿಡುವ ಹುಲುಗೇಶನಿಗೆ ಫೋನ್ ಹಚ್ಚಿದೆ. ಗಂಟಲು ದಪ್ಪ ಮಾಡಿಕೊಂಡು, "ಹುಲುಗೇಶಾ, ನಾನು ದಾಕ್ಷಾಯಣಮ್ಮ. ಇವತ್ತು ಮೊದಲು ನಮ್ಮನೆಗೆ ನೀರು ಬಿಡು" ಎಂದೆ.

"ಮೈಸೂರ ಅಕ್ಕಾರೇನ್ರಿ?"

"...ಹೌದು."

"ಅಮ್ಮಾರು ಬೈತಾರ್ರಿ. ನಿಮಗ ಬಿಟ್ರ ಅಷ್ಟೊತ್ತು ಕೆಳಗಿನ ಲೈನ್ ಬಂದ್ ಮಾಡಬೇಕಾಕ್ಕೈತಿ."

"ಮಗೂಗೆ ಕತ್ತೆಲ್ಲಾ ಗುಳ್ಳೆ ಎದ್ದಿದೆ ಹುಲುಗೇಶ್. ಬರೀ ಹತ್ತು ನಿಮಿಷ!"

"ಕೂಸಿಗೇನ್ರಿ? ಅಯ್ಯ, ಮೊದ್ಲಾ ಹೇಳಬಾರ್ದೇನ್ರಿ! ಬಿಡ್ತೀನಿ. ಸಾಕಾದ ಕೂಡ್ಲೇ ಫೋನ್ ಹಚ್ರಿ, ಮರೀಬ್ಯಾಡ್ರಿ ಮತ್ತ."

ಮರೆಯುವುದೇ? ನಾನೇ? ಹಿತ್ತಲಿನಲ್ಲಿ ಮಗಳನ್ನು ಟಬ್ಬಿನಲ್ಲಿ ಕೂರಿಸಿ ತಣ್ಣಗೆ ನೀರು ಹೊಯ್ದೆ. ದಿನಗಟ್ಟಲೆ ರಚ್ಚೆ ಹಿಡಿದಿದ್ದ ಕೂಸು ಕಿಲಕಿಲನೆ ನಕ್ಕಿತು. ಆ ನಗುವಿನಲ್ಲಿ ನಾನು ಫೋನ್ ಮರೆತೆ, ಹುಲುಗೇಶನನ್ನು ಮರೆತೆ, ಪ್ರಜಾಪ್ರಭುತ್ವವನ್ನೇ ಮರೆತೆ! ಮುಂದಿನ ಅಂಗಳದಲ್ಲಿ ಸಂಪು ತುಂಬಿತು, ಉಕ್ಕಿತು, ನೀರು ಗೇಟಿನ ಕೆಳಗೆ ನುಸುಳಿತು. ಸಾಲಾಗಿ ಕಾದಿದ್ದ ಖಾಲಿ ಕೊಡಗಳ ಪಕ್ಕದಲ್ಲೇ ಠೀವಿಯಿಂದ ಇಳಿಜಾರಿನಲ್ಲಿ ಮೆರವಣಿಗೆ ಹೊರಟಿತು.

ಅದು ಹೋಗಿ ಮುಟ್ಟಿದ್ದೆಲ್ಲಿಗೆ ಗೊತ್ತೇ? ಓಣಿಯ ಕೆಳತುದಿಯಲ್ಲಿ ಅತ್ತೆ ಮೈಕು ಹಿಡಿದು, "ನಿಮ್ಮ ಕೊಡ ತುಂಬಿದ ಮ್ಯಾಲೇನಾ..." ಎನ್ನುವಷ್ಟರಲ್ಲಿ ನಮ್ಮ ಮನೆಯ ನೀರು ಬಂದು ಅವರ ಪಾದ ತೊಳೆಯಿತು!

ಪ್ರಚಾರದ ಉಸ್ತುವಾರಿ ಪಾಲಾಕ್ಷ ಚುರುಕು ಮನುಷ್ಯ. "ಪೈಪ್ ಒಡದೈತ್ರೋ! ಇದು ಎದುರಿನವ್ರದಾ ಕಿತಾಪತಿ!" ಎಂದು ಕೂಗಿದನಂತೆ.

ಅತ್ತೆ ಸೀರೆ ಎತ್ತಿ ಹಿಡಿದು ನೀರು ಬಂದ ದಾರಿಯನ್ನೇ ನೋಡಿದರಂತೆ. ಮೈಕು ಇನ್ನೂ ಆನ್ ಇತ್ತು. "ಸುಮ್ನಿರಲೇ ಪಾಲಾಕ್ಷ. ಪೈಪ್ ಒಡದಿಲ್ಲ. ನಮ್ಮನಿ ಸಂಪು ತುಂಬೈತಿ."

ಮಗಳನ್ನು ಟವಲಿನಲ್ಲಿ ಸುತ್ತಿಕೊಂಡು ನಾನು ಮುಂದಿನ ಬಾಗಿಲಿಗೆ ಬಂದಾಗ ಗೇಟಿನಲ್ಲಿ ಅತ್ತೆ. ಅವರ ಹಿಂದೆ ಕೊಡ ಹಿಡಿದ ಇಡೀ ಓಣಿ. ಅದರ ಹಿಂದೆ ಮೊಬೈಲ್ ಎತ್ತಿ ಹಿಡಿದ ಎದುರಾಳಿಯ ಹುಡುಗರು.

"ಯಾರು ಬಿಡ್ಸಿದ್ದು?"

"ನಾನೇ ಅತ್ತೆ. ಮಗೂಗೆ..."

"ಕೂಸಿಗೆ ಬೇಕಾಗಿದ್ದು ಒಂದು ಬಕೀಟು. ನೀ ಬಿಡ್ಸಿದ್ದು ಒಂದು ಕೆರಿ! ಗೇಟ್ ತಗಿ. ಹುಲುಗೇಶಗ ಫೋನ್ ಹಚ್ಚು. ಕೂಸು ನನ್ನ ಕೈಗೆ ಕೊಟ್ಟು ಸಂಪಿಗೆ ಹಗ್ಗ ಇಳಿಸು. ಇವರೆಲ್ಲರ ಕೊಡ ನೀನಾ ತುಂಬ್ಸು."

ತುಂಬಿಸಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಸಂಜೆಗೆ ವಿಡಿಯೋ ಊರಿನ ಎಲ್ಲ ಮೊಬೈಲಿಗೂ ತಲುಪಿತ್ತು. ಉಕ್ಕುವ ಸಂಪು, ಟವಲು, ಬೆಪ್ಪಾದ ನನ್ನ ಮುಖ; ಅದರ ಮೇಲೆ ದಪ್ಪಕ್ಷರದಲ್ಲಿ 'ಇವ್ರ ಕೊಡ ತುಂಬಿದ ಮ್ಯಾಲೇನಾ ನಿಮ್ಮ ಕೊಡ!'

"ವಿಡಿಯೋದಾಗ ಮಗಳು ಭಾಳ ಚೆಂದ ಬಂದಾಳ," ಎಂದು ನಕ್ಕರು ನನ್ನ ಗಂಡ ಅರುಣಕುಮಾರ್.

"ನಿಮ್ಮಮ್ಮ ಸೋತ್ಹೋಗ್ತಾರೆ ರೀ, ನನ್ನಿಂದ!"

ಅವರು ನಗುವುದನ್ನು ನಿಲ್ಲಿಸಿದರು. ಅದರಿಂದ ನನಗೆ ಇನ್ನೂ ಹೆದರಿಕೆಯಾಯಿತು.

ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆಯ ಬಳಿ ಹೋಗಿ ಕೂತೆ. ಕ್ಷಮೆ ಕೇಳಲು ಹೋದವಳ ಬಾಯಿಂದ ಜಗಳವೇ ಬಂತು. "ಎಲ್ಲರ ಹಾಗೆ ನಾವೂ ನಡುವೆ ಎಲ್ಲಾದರೂ ಇರಬಹುದಿತ್ತಲ್ಲ ಅತ್ತೆ. ಕೊನೆಯೇ ಯಾಕೆ? ಬರೀ ಭಾಷಣಕ್ಕಾ?"

"ನಮ್ಮ ನಳ ಮೊದ್ಲು ಬಂದ್ರ, ಕೆಳಗ ಬಂದೈತೋ ಇಲ್ಲೋ ನನಗ ಹೆಂಗ ತಿಳೀಬೇಕು?" ಅಂದರು, ಎಣ್ಣೆಯ ಮೇಲೇ ಕಣ್ಣಿಟ್ಟು. "ಇಲ್ಲಿ ಒಣಗಿದ್ರ ಅಲ್ಲಿ ಯಾರ್ದೋ ಒಣಗೈತಿ ಅಂತ. ಆವಾಗ ಎದ್ದು ನೋಡಾಕ ಹೊಕ್ಕೀನಿ."

ನಾನು ಗಂಟೆಗೊಮ್ಮೆ ಮಗಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ, ಈ ಹೆಂಗಸು ಇಷ್ಟು ವರ್ಷ ನಲ್ಲಿ ತಿರುಗಿಸಿ ಓಣಿಯನ್ನು ಮುಟ್ಟಿ ನೋಡುತ್ತಿದ್ದರು. ನಾನು ಆ ಕೈಯನ್ನೇ ತಳ್ಳಿಬಿಟ್ಟಿದ್ದೆ.

ಮರುದಿನದಿಂದ ನನಗೆ ಶಿಕ್ಷೆ: ಅತ್ತೆಯ ಜೊತೆ ಪ್ರಚಾರ. ಪ್ರತಿ ಬಾಗಿಲಲ್ಲೂ ಅವರು, "ಇಕಿನಾ ನೋಡ್ರಿ ನನ್ನ ಸೊಸಿ ಸುಕನ್ಯಾ. ನೀರು ಬಿಡ್ಸಿದಾಕಿ" ಎಂದು ಪರಿಚಯಿಸುವುದು. ನಾನು "ತಪ್ಪಾಯ್ತು" ಎಂದು ಕೈ ಮುಗಿಯುವುದು. ಯಾರೂ ಬೈಯಲಿಲ್ಲ! ಬದಲಿಗೆ ಎಲ್ಲರೂ ಮಗಳ ಕತ್ತು ಬಗ್ಗಿಸಿ ನೋಡಿದರು. ಒಬ್ಬರು ಗಂಧ ಹಚ್ಚು ಅಂದರು, ಇನ್ನೊಬ್ಬರು ಬೇವು, ಮತ್ತೊಬ್ಬರು "ಮೊದ್ಲು ಆ ಸಾಕ್ಸು ಟೋಪಿ ತಗಿಯವ್ವಾ, ಈ ಬಿಸಿಲಾಗ!" ಅಂದರು. ಟೋಪಿ ತೆಗೆದೆ. ಎರಡೇ ದಿನದಲ್ಲಿ ಗುಳ್ಳೆ ಮಾಯ!

ಕೆಳತುದಿಯ ಮಾರೆಮ್ಮ ಮಾತ್ರ ನನ್ನನ್ನು ಪಕ್ಕಕ್ಕೆ ಎಳೆದು ಕಿವಿಯಲ್ಲಿ ಹೇಳಿದಳು: "ನಿಮ್ಮತ್ತಿ ಮುಂದ ಹೇಳಬ್ಯಾಡ... ಆ ಹುಲುಗೇಶನ ನಂಬರ್ ನನಗೂ ಕೊಡು."

ಅತ್ತೆ ಗೆದ್ದರು. ಕೂದಲೆಳೆಯ ಅಂತರವಿರಬಹುದೆಂದು ನಾನು ಉಗುರು ಕಚ್ಚುತ್ತಿದ್ದರೆ, ಅವರು ಹಿಂದಿನ ಮೂರು ಸಲಕ್ಕಿಂತ ಹೆಚ್ಚು ಮತಗಳಿಂದ ಗೆದ್ದರು! ಗುಲಾಲು ಮೆತ್ತಿದ ಮುಖಗಳ ನಡುವಿನಿಂದ ಮಾರೆಮ್ಮ ಬಂದು ಗುಟ್ಟು ಬಿಚ್ಚಿದಳು.

"ಇಷ್ಟ್ ದಿನ ಪಾಪ ಅಂತ ಓಟು ಹಾಕ್ತಿದ್ವಿ ದಾಕ್ಷಾಯಣಕ್ಕಾ. ಸ್ವಂತ ಮನಿಗೇ ನೀರು ತರಾಕ ಆಗವಲ್ದು, ಇನ್ನ ನಮಗೇನು ತರ್ತಾಳ ಅಂತ. ಈ ಸಲ ವಿಡಿಯೋ ನೋಡಿ ಗೊತ್ತಾತು, ನಿಮ್ಮನಿಯಾಗ ಪವರ್ ಐತಿ!"

ಅತ್ತೆಯ ಮುಖ ನೋಡಿದೆ. ಹದಿನೈದು ವರ್ಷದ ಕೊನೆಯ ಕೊಡ, ಈ ಓಣಿಯ ಕಣ್ಣಿಗೆ ಕಂಡದ್ದು ಹೀಗೆ! ಅವರು ಅಳುತ್ತಾರೇನೋ ಅಂದುಕೊಂಡೆ. ಗುಲಾಲು ಉದುರುವಷ್ಟು ನಕ್ಕರು. ನಕ್ಕು, ಸೊಂಟದ ಚೀಲದಿಂದ ತಮ್ಮ ಹಳೆಯ ಮೊಬೈಲ್ ತೆಗೆದು ನನ್ನ ಕೈಗಿಟ್ಟರು.

"ಪವರ್ ಇರಾಕಿ ನೀನು. ಇವತ್ತಿಂದ ನೀರಿನ ಫೋನು ನೀನಾ ಎತ್ತು."

ಮುಂದಿನ ನೀರಿನ ದಿನ ಕಾಫಿಗೆ ಮೊದಲೇ ಅದು ಬಡಿದುಕೊಳ್ಳತೊಡಗಿತು. ಒಬ್ಬರಿಗೆ ಬಾಣಂತಿ, ಒಬ್ಬರಿಗೆ ನೆಂಟರು, ಒಬ್ಬರಿಗೆ ಪೂಜೆ. ಎಲ್ಲರದೂ ಅರ್ಜೆಂಟು! ನಡುವೆ ಹುಲುಗೇಶನ ಕರೆ.

"ಅಕ್ಕಾರ, ನಿಮಗೊಂದು ಹತ್ತು ನಿಮಿಷ ಮೊದ್ಲಾ ಬಿಡ್ಲೇನ್ರಿ? ಕೂಸು ಐತಲ್ಲ."

ಮಗಳು ಧೂಳಲ್ಲಿ ಹೊರಳಾಡಿ ಮಣ್ಣಿನ ಗೊಂಬೆಯಾಗಿದ್ದಳು. ಅತ್ತೆ ಗೋಡೆಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದರು. ನಮ್ಮ ನಲ್ಲಿ ತಿರುಗಿಸಿ ನೋಡಿದೆ. ಒಣಗಿತ್ತು.

"ಬ್ಯಾಡ ಹುಲುಗೇಶಾ. ಕೆಳಗ ಎಲ್ಲರದೂ ತುಂಬಲಿ. ನಮಗ ಕೊನೀಗೆ ಬಿಡು."

"ಈಗ ಮಾತಾಡಿದ್ದು ಯಾರ್ರಿ, ಅಮ್ಮಾರೇನ್ರಿ?"