ಯಾರೂ ನಂಬದ ಹಿಮ್ಮಡಿ

ಕ್ಲೈವ್ ಟ್ರೆಗೆನ್ಜಾನ ಎಡ ಹಿಮ್ಮಡಿ ನೋಯುತ್ತಿತ್ತು. ನಿಜವಾಗಿಯೂ ನೋಯುತ್ತಿತ್ತು. ಹೀಗೆ ಎರಡೆರಡು ಸಲ ಹೇಳಬೇಕಾಗಿ ಬಂದದ್ದೇ ಅವನ ಗ್ರಹಚಾರ. ಬೇರೆ ಊರಿನಲ್ಲಾದರೆ ಐವತ್ತು ದಾಟಿದ ಶಾಲಾ ಬಸ್ಸಿನ ಡ್ರೈವರು ಕುಂಟಿಕೊಂಡು ಬಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಆ ಹಳೆಯ ಗಣಿ ಊರಿನಲ್ಲಿ ಮಾತ್ರ ಕಣ್ಣು ಹೊಡೆಯುತ್ತಾರೆ.

ಇದಕ್ಕೆಲ್ಲ ಕಾರಣ ಈಸ್ಟರ್ ಓಟ. ಅದರಲ್ಲಿ ಎಲ್ಲರೂ ಒಂದೇ ಗೆರೆಯಿಂದ ಹೊರಡುವುದಿಲ್ಲ. ನಿಧಾನದವನಿಗೆ ಮುಂದಿನ ಗೆರೆ, ಚುರುಕಿನವನಿಗೆ ಹಿಂದಿನ ಗೆರೆ. ಯಾರಿಗೆ ಯಾವುದೆಂದು ತೀರ್ಮಾನಿಸುವ ಸರ್ವಾಧಿಕಾರಿ ಬಾರ್ನಿ ಕ್ವಿಲ್ (ಉಳಿದ ದಿನಗಳಲ್ಲಿ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಾನೆ). ಹಾಗಾಗಿ ಬೇಸಿಗೆ ಬಂತೆಂದರೆ ಸಾಕು, ಮುಂದಿನ ಗೆರೆಯ ಆಸೆಗೆ ಬಾರ್ನಿ ಎದುರಿಗೆ ಸಿಕ್ಕಾಗಲೆಲ್ಲ ಊರಿನ ಓಟಗಾರರು ಕೆಮ್ಮುತ್ತಾರೆ, ಸೊಂಟ ಹಿಡಿದುಕೊಳ್ಳುತ್ತಾರೆ, ಬೇಕರಿಯ ಒಂದು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾರೆ. ಇಂಥ ಮಹಾನಟರ ನಡುವೆ ಪಾಪದ ಕ್ಲೈವ್ ನಿಜವಾಗಿ ಕುಂಟಿದ.

“ಥೆಲ್ಮಾ, ಫ್ರಿಜ್ಜಿಂದ ಆ ಐಸಾಗಿರೋ ಬಟಾಣಿ ಚೀಲ ಕೊಡೇ, ತಣ್ಣಗೆ ಕಾಲಿಗೆ ಇಟ್ಕೋತೀನಿ.”

“ಕೊಡಲ್ಲ. ನಿನ್ನ ಪಾದಸೇವೆ ಮಾಡಿ ಮಾಡಿ ಅದು ಗೋಲಿ ಥರ ಆಗಿದೆ. ಅದನ್ನೇ ಊಟಕ್ಕೆ ಬೇರೆ ಹಾಕ್ಬೇಕು ನಾನು.”

“ನೋಯ್ತಿದೆ ಕಣೇ.”

“ಬಾರ್ನಿ ಇಲ್ಲಿಲ್ಲ ಮಾರಾಯ. ಯಾಕೆ ಸುಮ್ನೆ ಶ್ರಮ ತಗೋತೀಯ?”

ಕಟ್ಟಿಕೊಂಡವಳೇ ಹೀಗೆಂದರೆ ಊರನ್ನು ಬೈದು ಏನು ಫಲ? ಊರಿನ ಡಾಕ್ಟರು ‘ವಿಶ್ರಾಂತಿ’ ಎಂದಿದ್ದರು. ಕ್ಲೈವ್ ಕ್ರಿಸ್ಮಸ್ಸಿನಿಂದ ಸೋಫಾದ ಮೇಲೆ ಅನಂತಶಯನನಾಗಿ ಶ್ರದ್ಧೆಯಿಂದ ವಿಶ್ರಮಿಸಿದ. ನೋವು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಅವನಿಗೆ ಒಳಗೊಳಗೇ ಭಯ. ಬೆಳಗಿನ ಹೊತ್ತು ಹಳ್ಳದ ದಂಡೆಯಲ್ಲಿ ಕಾಂಗರೂಗಳ ಜೊತೆ ಓಡುವಾಗ ಮಾತ್ರ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆ ಸುಖವೇ ಮುಗಿಯಿತೇನೋ ಎಂದುಕೊಂಡ.

ಕೊನೆಗೆ ಥೆಲ್ಮಾಳೇ ಕಾರು ತೆಗೆದಳು. “ನಡಿ, ಇನ್ನೊಬ್ಬ ಡಾಕ್ಟರಿಗೆ ತೋರ್ಸೋಣ. ನಿಜ ಆದ್ರೆ ನಿಂಗೆ ಔಷಧಿ ಸಿಗತ್ತೆ, ನಾಟಕ ಆದ್ರೆ ನಂಗೆ ನನ್ನ ಬಟಾಣಿ ಸಿಗತ್ತೆ.”

ಬೆಂಡಿಗೋ ಪಟ್ಟಣದ ಡಾಕ್ಟರ್ ಪೆಟ್ರಾಕಿಸ್ ಎಂಬಾಕೆ ಹಿಮ್ಮಡಿಯನ್ನು ಹಿಟ್ಟು ನಾದಿದಂತೆ ನಾದಿದರು. ಸ್ಕ್ಯಾನ್ ನೋಡಿದರು. ಒಂಟಿ ಕಾಲಿನಲ್ಲಿ ನಿಲ್ಲಿಸಿದರು.

“ನಿಮ್ಮ ನೋವು ಸುಳ್ಳಲ್ಲ,” ಎಂದರು.

“ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಇವಳಿಗೆ ಕೇಳೋ ಹಾಗೆ.”

“ಸುಳ್ಳಲ್ಲ. ಆದ್ರೆ ಏನೂ ಹರಿದಿಲ್ಲ. ಕೂತು ಕೂತು ಕಾಲಿನ ಬಲ ಹೋಗಿದೆ ಅಷ್ಟೆ. ದಿನಾ ಮೆಟ್ಟಿಲ ಅಂಚಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸಿ. ಆಮೇಲೆ ನಿಧಾನಕ್ಕೆ ಓಡಿ.”

“ಓಡಬಹುದಾ?”

“ಓಡ್ಲೇಬೇಕು.”

ಕ್ಲೈವನ ಕಣ್ಣು ತುಂಬಿ ಬಂತು. ಥೆಲ್ಮಾ ಕರವಸ್ತ್ರ ಕೊಟ್ಟಳು. ದಾರಿಯುದ್ದಕ್ಕೂ ಒಂದು ಚುಚ್ಚುಮಾತೂ ಆಡಲಿಲ್ಲ, ಅದೇ ಅವಳ ಕ್ಷಮಾಪಣೆ.

ಅಂದಿನಿಂದ ಕ್ಲೈವ್ ಹಿತ್ತಿಲ ಮೆಟ್ಟಿಲ ಮೇಲೆ ಏರಿಳಿದದ್ದೇ ಏರಿಳಿದದ್ದು. ನೋವು ದಿನದಿಂದ ದಿನಕ್ಕೆ ಇಳಿಯಿತು. ಈಸ್ಟರ್ ಹತ್ತಿರವಾದಾಗ ಒಂದು ಬೆಳಿಗ್ಗೆ ಹಳ್ಳದ ದಂಡೆಯುದ್ದಕ್ಕೂ ಓಡಿ ಬಂದ. ಹಿಮ್ಮಡಿ ಕಮಕ್ ಕಿಮಕ್ ಎನ್ನಲಿಲ್ಲ. ಆ ಸಂತೋಷದಲ್ಲಿ ಆತ ಒಂದು ಘೋರ ಅಪರಾಧ ಮಾಡಿದ. ಬೇಕರಿಯ ಮುಂದೆ ಪೈ ತಿನ್ನುತ್ತಿದ್ದ ಬಾರ್ನಿಯ ಬಳಿಗೇ ಹೋಗಿ ನಿಜ ಹೇಳಿಬಿಟ್ಟ.

“ಬಾರ್ನಿ, ನನ್ನ ಕಾಲು ಪೂರ್ತಿ ವಾಸಿಯಾಯ್ತು ಕಣಯ್ಯ.”

ಬಾರ್ನಿ ಅಗಿಯುವುದನ್ನು ನಿಲ್ಲಿಸಿದ. ಅವನ ಆಡಳಿತಾವಧಿಯಲ್ಲಿ ಯಾವ ಓಟಗಾರನೂ ಅವನೆದುರು ಆರೋಗ್ಯವಾಗಿದ್ದದ್ದಿಲ್ಲ. ಬಾಯಿಬಿಟ್ಟು ಇಷ್ಟು ಹೇಳುವವನು ಒಳಗೆ ಇನ್ನೆಷ್ಟು ಮುಚ್ಚಿಟ್ಟಿರಬೇಡ? ಯೋಚಿಸಿ ಯೋಚಿಸಿ, ಕ್ಲೈವನನ್ನು ಎಲ್ಲಕ್ಕಿಂತ ಹಿಂದಿನ ಗೆರೆಯಲ್ಲಿ, ಕುದುರೆಯಂಥ ಕಾಲೇಜು ಹುಡುಗರ ಪಕ್ಕದಲ್ಲಿ ನಿಲ್ಲಿಸಿಬಿಟ್ಟ.

ಓಟದ ದಿನ ಕ್ಲೈವ್ ಜೀವ ಒತ್ತೆಯಿಟ್ಟು ಓಡಿದ. ಹಿಮ್ಮಡಿ ಬಂಗಾರದಂತೆ ನಡೆದುಕೊಂಡಿತು. ಉಳಿದ ಅಂಗಾಂಗಗಳದೇ ತಕರಾರು. ಎಲ್ಲರೂ ಗುರಿ ಮುಟ್ಟಿ, ನೀರು ಕುಡಿದು, ಬೆನ್ನು ತಟ್ಟಿಸಿಕೊಂಡ ಮೇಲೆ ಇವನು ಬಂದ. ಮುಖ ಕೆಂಪಗಾಗಿತ್ತು, ಏದುಸಿರು ನಿಲ್ಲುತ್ತಲೇ ಇರಲಿಲ್ಲ. ಆದರೂ ನಗುತ್ತಿದ್ದ. ಓಡಿದೆನಲ್ಲ, ಅಷ್ಟು ಸಾಕು ಅನ್ನಿಸಿತ್ತು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

“ಶಭಾಷ್ ಕ್ಲೈವ್. ಬರೋ ವರ್ಷ ನಿಂಗೆ ಮುಂದಿನ ಗೆರೆ ಗ್ಯಾರಂಟಿ ಬಿಡು.”

“ಏದುಸಿರು ನೋಡ್ರಯ್ಯ, ಎಷ್ಟು ಸಹಜವಾಗಿದೆ.”

ಬಾರ್ನಿ ಟೋಪಿ ತೆಗೆದ. “ನನ್ನ ಕಾಲದಲ್ಲಿ ಇಂಥ ನಟನೆ ನೋಡಿರ್ಲಿಲ್ಲ,” ಎಂದ.

ಥೆಲ್ಮಾ ಟವೆಲ್ಲಿನಿಂದ ಗಂಡನ ಕತ್ತು ಒರೆಸುತ್ತ ಕಿವಿಯ ಬಳಿ ಬಗ್ಗಿದಳು. “ನನ್ನ ಹತ್ರ ಆದ್ರೂ ನಿಜ ಹೇಳು. ಬೇಕಂತಲೇ ಎಷ್ಟು ವೇಗ ಬಿಗಿಹಿಡಿದು ಓಡಿದೆ?”

ಕ್ಲೈವ್ ಹೆಂಡತಿಯ ಮುಖ ನೋಡಿದ. ಮದುವೆಯಾದ ಮೇಲೆ ಮೊದಲ ಬಾರಿಗೆ ಆ ಕಣ್ಣುಗಳಲ್ಲಿ ಅವನ ಬಗ್ಗೆ ಮೆಚ್ಚುಗೆಯಿತ್ತು.

“ಅರ್ಧಕ್ಕರ್ಧ,” ಎಂದ.

ಥೆಲ್ಮಾ ತಕ್ಷಣ ನಂಬಿದಳು.