ಮದುಮಗನ ಕಾರಿಗೆ ಗಾಳಿ ಸಾಲಲಿಲ್ಲ

ಬಂಟ್ವಾಳ ಪೇಟೆಯಲ್ಲಿ ಹದಿನೆಂಟು ವರ್ಷ ಹೋಟೆಲು ನಡೆಸಿದವನು ನಾನು. ಒಲೆ, ಹಂಡೆ, ಹಬೆ, ಹೊಗೆ ಇವುಗಳ ಸ್ವಭಾವವನ್ನೆಲ್ಲ ಬಲ್ಲವನಿಗೆ ಒಂದು ಕಾರಿನ ಇಂಜಿನ್ನು ಯಾವ ಲೆಕ್ಕ!

ನೆರಿಯದ ಕಡೆ ತೋಟ ನೋಡಿಕೊಳ್ಳುತ್ತಿದ್ದ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಅವನ ಹಳೆಯ ಕಾರು ನನ್ನ ಕೈಗೆ ಬಂತು. ಅದು ಸಾಮಾನ್ಯ ಕಾರಲ್ಲ. ಇಂಜಿನ್ನಿನ ಪಕ್ಕದಲ್ಲಿ ಸೂಪರ್‌ಚಾರ್ಜರ್ ಎಂಬ ಯಂತ್ರವಿತ್ತು. ಬೆಲ್ಟಿನಿಂದ ತಿರುಗಿ, ಹೊರಗಿನ ಗಾಳಿಯನ್ನು ಎಳೆದು, ಇಂಜಿನ್ನಿನೊಳಗೆ ಒತ್ತಿ ತುಂಬುವುದು ಅದರ ಉದ್ಯೋಗ. ಎಷ್ಟು ಒತ್ತಿತು ಎಂದು ತೋರಿಸಲು ಸ್ಟೇರಿಂಗಿನ ಎದುರು ಒಂದು ಗೇಜು. ಏರು ಹತ್ತುವಾಗ ಅದರ ಮುಳ್ಳು ಆರಕ್ಕೆ ಬರಬೇಕೆಂದು ದೊರೆ ಆರು ಬೆರಳು ಎತ್ತಿ ತೋರಿಸಿ ಹೋಗಿದ್ದ.

ಮುಳ್ಳು ಆರಕ್ಕೆ ಬರುತ್ತಿತ್ತು ಕೂಡ. ಅದೇ ಧೈರ್ಯದಲ್ಲಿ ಅಕ್ಕನ ಎದುರು ಬಾಯಿ ಬಿಟ್ಟೆ: “ಸಂಜೀವನ ಮದುವೆಗೆ ಬಸ್ಸು ಬೇಡ ಅಕ್ಕ. ಮದುಮಗನನ್ನು ಮೂಡಬಿದಿರೆಗೆ ನಾನೇ ಕರಕೊಂಡು ಹೋಗ್ತೇನೆ.”

ಸಂಜೀವ ಅಕ್ಕನ ಒಬ್ಬನೇ ಮಗ. ನಮ್ಮಲ್ಲಿ ಅಳಿಯನೆಂದರೆ ಮಗನಿಗಿಂತ ಒಂದು ಗುಲಗಂಜಿ ಹೆಚ್ಚು. ಅವನ ಮದುವೆಯಲ್ಲಿ ಸೋದರಮಾವನ ಮಾನವೇ ಮಂಟಪ ಹತ್ತುತ್ತದೆ. ಕಾರು ಬರುವ ಸುದ್ದಿ ಕೇಳಿ ಹುಡುಗಿಯ ಮನೆಯವರು ವಾಲಗದವರನ್ನು ರಸ್ತೆಯ ಬದಿಯಲ್ಲೇ ನಿಲ್ಲಿಸುವುದಾಗಿ ಹೇಳಿ ಕಳುಹಿಸಿದರು!

ಕೂಡಲೇ ಕಾರಿನ ಉಪಚಾರ ಆರಂಭಿಸಿದೆ. ಬಾಗಿಲುಗಳಿಗೆ ತೆಂಗಿನೆಣ್ಣೆ ಉಜ್ಜಿದೆ. ಕನ್ನಡಿಯನ್ನು ವಿಭೂತಿ ಹಾಕಿ ತಿಕ್ಕಿದೆ. ನಮ್ಮ ರಸ್ತೆಯ ಕೆಂಪು ಧೂಳು ಇಂಜಿನ್ನಿಗೆ ಹೋಗಬಾರದೆಂದು, ಗಾಳಿ ಒಳಹೋಗುವ ಬಾಯಿಗೆ ಹಗ್ಗದಲ್ಲಿ ಒಣಗುತ್ತಿದ್ದ ಬಿಳಿ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಮೇಲಿಂದ ಅದರ ತಗಡಿನ ಮುಚ್ಚಳ ಹಾಕಿದೆ. ಸೀಟಿಗೆ ಮಡಿ ಮಾಡಿದ ಹಚ್ಚಡ ಹಾಸಿದೆ.

ಎರಡು ದಿನ ಓಡಿಸಿದೆ. ಮುಳ್ಳು ಎರಡರ ಮೇಲೆ ಏಳಲಿಲ್ಲ! ಹಿಂದಿನಿಂದ ಮಾತ್ರ ಕಪ್ಪು ಹೊಗೆ, ಹಸಿ ಕಟ್ಟಿಗೆಯ ಒಲೆಯ ಹಾಗೆ.

ಅಕ್ಕಿ ಮಿಲ್ಲಿನ ಇಂಜಿನ್ನು ನೋಡಿಕೊಳ್ಳುವ ಮೋನು ಬ್ಯಾರಿಗಳನ್ನು ಕರೆಸಿದೆ. ಅವರು ಬಾನೆಟ್ಟು ಎತ್ತಿ ತುಂಬ ಹೊತ್ತು ನೋಡಿದರು.

“ಇದು ಕಮ್ಮಾರನ ತಿದಿ ಅಲ್ವಾ ಶೆಟ್ರೆ? ಒಂದೋ ಬೆಲ್ಟು ಜಾರ್ತದೆ, ಇಲ್ಲ ಎಲ್ಲಿಯೋ ಗಾಳಿ ಸೋರ್ತದೆ, ಇಲ್ಲ ಬಾಯಿ ಕಟ್ಟಿದೆ. ಮೊದಲು ಬಾಯಿ ಬಿಚ್ಚಿ ನೋಡುವ.”

“ಅದನ್ನು ಮುಟ್ಟುವುದೇ ಬೇಡ! ಅದರ ವ್ಯವಸ್ಥೆ ನಾನೇ ಮಾಡಿದ್ದೇನೆ,” ಎಂದೆ.

ಬೆಲ್ಟಿಗೆ ಮಿಲ್ಲಿನಿಂದ ತಂದ ರಾಳದ ಪುಡಿ ಹಾಕಿದೆವು. ಮುಳ್ಳು ಎರಡೇ. ಕೊಳವೆಯ ಸಂದುಗಳಿಗೆ ಹಲಸಿನ ಮೇಣ ಮೆತ್ತಿದೆವು. ಮುಳ್ಳು ಎರಡೇ. ನನ್ನ ಹತ್ತು ಬೆರಳುಗಳು ಮಾತ್ರ ಒಂದಕ್ಕೊಂದು ಭದ್ರವಾಗಿ ಅಂಟಿಕೊಂಡವು!

ಇದರ ನಡುವೆ ಹೋಟೆಲಿನಲ್ಲೂ ಗಲಾಟೆ. ಕಾಫಿಯಲ್ಲಿ ಚರಟ ಬರುತ್ತದೆಂದು ಗಿರಾಕಿಗಳ ತಕರಾರು.

“ಇದಾ, ನನ್ನ ಹೊಸ ಕಾಫಿ ಸೋಸುವ ಬಟ್ಟೆ ಕಂಡಿರಾ?” ಎಂದು ಹೆಂಡತಿ ಗಿರಿಜೆ ಕೇಳಿದಳು.

“ಇಲ್ಲಿ ಅಳಿಯನ ಮದುವೆ ಮುಳುಗ್ತಾ ಉಂಟು, ನಿನಗೆ ಬಟ್ಟೆಯ ಚಿಂತೆ! ಬೆಕ್ಕು ಎಳಕೊಂಡು ಹೋಗಿರಬೇಕು.”

ಆಮೇಲೆ ನನಗೆ ಗೇಜಿನ ಮೇಲೆಯೇ ಸಂಶಯ ಬಂತು. ಅದರ ಸಣ್ಣ ಕೊಳವೆ ಕಳಚಿ, ಬಾಯಿಗಿಟ್ಟು ಊದಿದೆ. ಮುಳ್ಳು ಎರಡನ್ನು ದಾಟಿ ಮೂರರ ಹತ್ತಿರ ಬಂತು!

“ಶೆಟ್ರೆ, ನಿಮ್ಮ ಬಾಯಿಯ ಗಾಳಿ ಇಂಜಿನ್ನಿಗಿಂತ ಜೋರು ಮಾರಾಯ್ರೆ!” ಎಂದರು ಬ್ಯಾರಿಗಳು.

“ಅದು ನನಗೆ ಇಪ್ಪತ್ತು ವರ್ಷದಿಂದ ಗೊತ್ತುಂಟು,” ಎಂದಳು ಗಿರಿಜೆ.

ಮದುವೆಗೆ ಒಂದೇ ದಿನ ಉಳಿಯಿತು. ಆಗ ನಾನು ಕೈಗೊಂಡ ಕ್ರಮವನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಗೇಜಿನ ಗಾಜು ತೆಗೆದು, ಮುಳ್ಳನ್ನೇ ಆರಕ್ಕೆ ಬಗ್ಗಿಸಿದೆ! ಇಂಜಿನ್ನು ಚಾಲು ಮಾಡುವ ಮೊದಲೇ ಒತ್ತಡ ಸರಿಯಾಯಿತು. ಮನಸ್ಸಿಗೂ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ಪೇಟ ಸುತ್ತಿದ ಸಂಜೀವ, ಅಕ್ಕ, ಗಿರಿಜೆ, ನಾನು ಹೊರಟೆವು. ಸಿದ್ಧಕಟ್ಟೆಯ ತನಕ ಕಾರು ಕೆಮ್ಮುತ್ತಾ ಬಂತು. ಮುಂದಿನ ಏರಿನಲ್ಲಿ ನಡೆಯಿತು, ತೆವಳಿತು, ನಿಂತಿತು.

“ಎಂತ ಆಯ್ತು ಮಾವ?”

“ಹೆದರಬೇಡ. ಮುಳ್ಳು ಆರರಲ್ಲೇ ಉಂಟು.”

ಮದುಮಗ ಇಳಿದು ತಳ್ಳಿದ. ಅವನ ಬಿಳಿ ಅಂಗಿಗೆ ಹೊಗೆಯ ಅಭಿಷೇಕವಾಯಿತು. ಅಷ್ಟರಲ್ಲಿ ಹಿಂದಿನಿಂದ ಮೂಡಬಿದಿರೆಯ ಬಸ್ಸು ಬಂತು. ಅಕ್ಕ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದಳು.

“ತಮ್ಮಾ, ಮುಹೂರ್ತ ನಿನ್ನ ಮುಳ್ಳಿಗೆ ಕಾಯುವುದಿಲ್ಲ!” ಎಂದು ಮಗನನ್ನು ಬಸ್ಸಿಗೆ ಹತ್ತಿಸಿ ಹೊರಟೇಹೋದಳು. ನನ್ನ ಮಾನವೂ ಅದೇ ಬಸ್ಸಿನಲ್ಲಿ ಹೋಯಿತು.

ಗಿರಿಜೆ ಮಾತ್ರ ಉಳಿದಳು. ನಾನು ಬಾನೆಟ್ಟು ಎತ್ತಿ ಅಲ್ಲಿ ಇಲ್ಲಿ ಕೈಯಾಡಿಸಿ, ಅದೇ ಮಸಿ ಕೈಯಲ್ಲಿ ಮುಖದ ಬೆವರು ಒರೆಸಿಕೊಂಡೆ. ಅವಳೂ ಒಳಗೆ ಬಗ್ಗಿ, “ಇದೆಂತ ಮುಚ್ಚಳ?” ಎಂದಳು.

“ಗಾಳಿಯ ಬಾಯಿ. ಅದು ಸರಿ ಉಂಟು, ನಾನೇ ಬಟ್ಟೆ ಕಟ್ಟಿ...”

ಅವಳು ಮುಚ್ಚಳ ತೆಗೆದು, ಕೆಂಪು ಧೂಳೂ ಪೆಟ್ರೋಲೂ ಕಲಸಿ ದೋಸೆಯಂತಾಗಿದ್ದ ಬಟ್ಟೆಯನ್ನು ಎಳೆದು ಬಿಡಿಸಿದಳು. ಮೂಲೆಯಲ್ಲಿ ಅವಳೇ ಹೊಲಿದ ನೀಲಿ ನೂಲಿನ ಗುರುತು!

“ಬೆಕ್ಕು ಎಳಕೊಂಡು ಹೋದದ್ದು ಇಲ್ಲಿಗಾ?”

ನಾನು ಬೆಕ್ಕಿನಂತೆಯೇ ಮೆಲ್ಲನೆ ಜಾರಿ ಹೋಗಿ ಸ್ಟೇರಿಂಗು ಹಿಡಿದೆ. ಉಸಿರು ಬಂದ ಕಾರು ಗರ್ಜಿಸಿತು. ಏರು ಮುಗಿಯಿತು. ಮುಂದೆ ಹೋಗುತ್ತಿದ್ದ ಬಸ್ಸನ್ನೂ ಹಿಂದೆ ಹಾಕಿತು. ಕಿಟಕಿಯಲ್ಲಿ ಪೇಟ ಒತ್ತಿ ಹಿಡಿದ ಮದುಮಗ ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದ.

ಮದುವೆ ಮನೆಯ ಎದುರು ಕಾರು ನಿಂತದ್ದೇ ತಡ, ವಾಲಗ ಮೊಳಗಿತು. ಆರತಿ ಹಿಡಿದ ಹೆಂಗಸರು ಬಂದರು. ಬಾಗಿಲು ತೆರೆದರೆ ಮುಖಕ್ಕೆಲ್ಲ ಮಸಿ ಮೆತ್ತಿದ ನಾನು! ಪಕ್ಕದಲ್ಲಿ ಕೊಳಕು ಬಟ್ಟೆ ಹಿಡಿದ ಗಿರಿಜೆ. ಹುಡುಗಿಯ ಕಣ್ಣು ಮಂಜಾದ ಅಜ್ಜಿ ಬಗ್ಗಿ ನನ್ನನ್ನು ನೋಡಿ ನಿಟ್ಟುಸಿರುಬಿಟ್ಟರು.

“ಪ್ರಾಯ ಸ್ವಲ್ಪ ಹೆಚ್ಚಾಯ್ತು. ಅದು ಹೋಗಲಿ, ಬರುವಾಗಲೇ ಒಬ್ಬಳನ್ನು ಕರಕೊಂಡು ಬಂದಿದ್ದಾನಲ್ಲ!”

ಬಸ್ಸು ಸಕಾಲಕ್ಕೆ ಬಂದು ಮದುವೆ ನಡೆಯಿತು. ಮರಳುವಾಗ ಮದುಮಕ್ಕಳು ಯಾವುದರಲ್ಲಿ ಬಂದರೆಂದು ಕೇಳಬೇಡಿ.

ಗೇಜಿನ ಮುಳ್ಳು ಈಗಲೂ ಹಾಗೇ ಉಂಟು. ಕಾರು ಶೆಡ್ಡಿನಲ್ಲಿ ಸುಮ್ಮನೆ ನಿಂತಿರುವಾಗಲೂ ಆರು ತೋರಿಸುತ್ತದೆ. ಗಿರಾಕಿಗಳೆದುರು ನಾನು ಯಂತ್ರಗಳ ವಿಷಯ ಎತ್ತಿದರೆ ಸಾಕು, ಅಡುಗೆಮನೆಯಿಂದ ಗಿರಿಜೆಯ ಸ್ವರ ಕೇಳುತ್ತದೆ:

“ಮುಳ್ಳು ಆರಕ್ಕೆ ಬಂತು!”