ಐದು ಕೈ ಗೇರೆಣ್ಣೆ

ನನಗೆ ಮೆರೆಯುವ ಚಪಲ ಸ್ವಲ್ಪ ಹೆಚ್ಚು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅದು ಇಲ್ಲದವರು ಯಾರಿದ್ದಾರೆ? ಒಬ್ಬ ರುಮಾಲಿನ ಜರಿಯಲ್ಲಿ ಮೆರೆಯುತ್ತಾನೆ, ಇನ್ನೊಬ್ಬ ತನ್ನ ಎತ್ತುಗಳ ಕೊಂಬಿಗೆ ಹಿತ್ತಾಳೆ ತೊಡಿಸಿ ಮೆರೆಯುತ್ತಾನೆ. ತನಗೆ ಮೆರೆಯುವುದೆಂದರೆ ಆಗುವುದಿಲ್ಲ ಎಂದು ಹೇಳಿಕೊಂಡೇ ಮೆರೆಯುವವರದು ಮೂರನೆಯ ಜಾತಿ. ಇವರನ್ನು ಕಂಡರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಈಗ ಉರಿಯುವುದಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಮುಂದಿನ ಜಗಲಿ.

ನಮ್ಮದು ಹಿರೇನಲ್ಲೂರಿಗೆ ಹತ್ತಿರದ ಹಳ್ಳಿ. ಒಂದಿಷ್ಟು ಹೊಲ, ಒಂದು ತೆಂಗಿನ ತೋಟ, ಕಡೂರಿನ ಇಸ್ಕೂಲಿನಲ್ಲಿ ಕಲಿತ ನಾಲ್ಕು ಇಂಗ್ಲಿಷ್ ಅಕ್ಷರ, ಇಷ್ಟು ನನ್ನ ಆಸ್ತಿ. ಎದುರು ಮನೆಯಲ್ಲಿರುವವನು ನಮ್ಮೂರ ಪಟೇಲ, ದಾಯಾದಿ ಲೆಕ್ಕದಲ್ಲಿ ನನಗೆ ಅಣ್ಣ. ಅವನಿಗೆ ಇಂಗ್ಲಿಷ್ ಬಾರದು, ಆದರೆ ಜಗಲಿ ಅಗಲವಾಗಿದೆ. ತಾಲ್ಲೂಕಿನ ಅಮಲ್ದಾರರ ಸವಾರಿ ಬಂದಾಗಲೆಲ್ಲ ಅಲ್ಲೇ ಕೂರುವುದು, ಅಲ್ಲೇ ಎಳನೀರು ಕುಡಿಯುವುದು. ಆ ವರ್ಷ ನಮ್ಮ ಹೋಬಳಿಯಿಂದ ಒಬ್ಬರನ್ನು ತಾಲ್ಲೂಕು ಬೋರ್ಡಿಗೆ ನೇಮಿಸುತ್ತಾರೆ, ಹೆಸರು ಬರೆದು ಕಳಿಸುವವರು ಅಮಲ್ದಾರರೇ ಎಂಬ ಸುದ್ದಿ ಹಬ್ಬಿತ್ತು. ಬೋರ್ಡಿನಲ್ಲಿ ನನ್ನದೊಂದು ಕುರ್ಚಿ ಇರಬೇಕೆಂದು ನಾನು ಎಷ್ಟು ಆಸೆಪಟ್ಟೆನೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಅಮಲ್ದಾರರು ನನ್ನ ಹೆಸರು ಬರೆಯಬೇಕಾದರೆ ಮೊದಲು ನನ್ನ ಜಗಲಿಯ ಮೇಲೆ ಕೂರಬೇಕು, ಅವರು ಕೂರಬೇಕಾದರೆ ಅದು ಪಟೇಲನ ಜಗಲಿಗಿಂತ ಒಂದು ಕೈ ಮೇಲಿರಬೇಕು ಎಂದು ತರ್ಕ ಮಾಡಿದೆ.

ತರೀಕೆರೆಗೆ ನಂಟರ ಹುಡುಗನಿಗೆ ಹೆಣ್ಣು ನೋಡುವ ಕಾರ್ಯಕ್ಕೆ ಹೋದಾಗ ಅಲ್ಲೊಬ್ಬ ಸಾಹೇಬರ ಬಂಗಲೆಯ ಮುಂದೆ ಬಯಲಲ್ಲೇ ಹಲಗೆ ಹಾಸಿ ಕಟ್ಟಿದ ಎತ್ತರದ ಜಗಲಿ ನೋಡಿದೆ. ಸಾಹೇಬರು ಅದರ ಮೇಲೆ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿದ್ದರು. ಹೆಣ್ಣಿನ ಮುಖ ನನಗೆ ಈಗ ನೆನಪಿಲ್ಲ, ಜಗಲಿಯ ಒಂದೊಂದು ಹಲಗೆಯೂ ನೆನಪಿದೆ. ಅಲ್ಲಿನ ಮರದ ಡಿಪೋ ಹರಾಜಿನಲ್ಲೇ ಹೊನ್ನೆ ಮರ ಹಿಡಿದು ಗಾಡಿಗೆ ಹೇರಿಸಿದೆ. ಅಜ್ಜನ ಕಾಲದ ಮಣ್ಣಿನ ಜಗಲಿ ಒಂದೇ ದಿನಕ್ಕೆ ನೆಲಸಮವಾಯಿತು. ನಮ್ಮೂರ ಬಡಗಿ ಕಾಳಾಚಾರಿ ಹಲಗೆ ಹಾಸಿ, ಉಳಿ ಒರೆಸಿ ಎದ್ದು ನಿಂತವನೇ, "ಗೌಡ್ರೇ, ಇದು ಬಿಸ್ಲಿಗೂ ಮಳೆಗೂ ಮೈಯೊಡ್ಡಿರೋ ಮರ. ಎಣ್ಣೆ ಕುಡಿಸ್ದಿದ್ರೆ ಎರಡು ಮಳೆಗಾಲಕ್ಕೆ ಸೀಳ್ಬಿಡ್ತದೆ. ಗೆದ್ದಲು ಬೇರೆ" ಎಂದ.

ಯಾವ ಎಣ್ಣೆ? ಇಲ್ಲಿಂದ ನನ್ನ ಕಷ್ಟ ಶುರುವಾಯಿತು. ನಮ್ಮೂರಿನವರು ಸಾಲ ಕೇಳಿದರೆ ಕಿವಿ ಕೇಳದವರಾಗುತ್ತಾರೆ, ಸಲಹೆ ಮಾತ್ರ ಕೇಳದೆಯೇ ಕೊಡುತ್ತಾರೆ. ಒಬ್ಬ ಹೊಂಗೆ ಎಣ್ಣೆ ಎಂದ. ಇನ್ನೊಬ್ಬ ರೈಲು ಕಂಬಿಯ ಕೆಳಗಿನ ದಿಮ್ಮಿಗಳಿಗೆ ಬಳಿಯುವ ಟಾರು ಎಂದ. ಅಜ್ಜಂಪುರದ ಅಂಗಡಿಯವನು ವಾರ್ನಿಷ್ ಡಬ್ಬ ತೋರಿಸಿದ. ಅದರ ಮೇಲಿನ ಇಂಗ್ಲಿಷನ್ನು ನಾನು ಗಟ್ಟಿಯಾಗಿ ಓದಿದೆ. ಅರ್ಥವಾಗದ್ದರಿಂದ ತಲೆಯಾಡಿಸಿ ಕೆಳಗಿಟ್ಟೆ. ಮನೆಗೆ ಬಂದು ತುಂಡು ಹಲಗೆಗಳಿಗೆ ಒಂದೊಂದು ಎಣ್ಣೆ ಬಳಿದು ಬಿಸಿಲಿಗಿಟ್ಟೆ. ಹೊಂಗೆ ಎಣ್ಣೆಯದಕ್ಕೆ ಇರುವೆ ಮುತ್ತಿತು. ಅಗಸೆ ಎಣ್ಣೆಯದನ್ನು ಹಸು ನೆಕ್ಕಿ ಬೆಳ್ಳಗೆ ಮಾಡಿತು. ಟಾರಿನದು ನೋಡಲು ಮಸಿ ಹಿಡಿದ ಬಾಣಲೆಯ ತಳದಂತಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಗೇರೆಣ್ಣೆಯದರ ಹತ್ತಿರ ಇರುವೆಯೂ ಸುಳಿಯಲಿಲ್ಲ, ಹಸುವೂ ಮುಖ ತಿರುಗಿಸಿತು. ಅದಕ್ಕೆ ಕೆಮ್ಮಣ್ಣು ಬೆರೆಸಿದಾಗ ಹೊನ್ನೆ ಮರಕ್ಕೆ ಒಳ್ಳೆ ಕೆಂಪು ಬಂತು. ಇಷ್ಟು ತೀರ್ಮಾನಕ್ಕೆ ಹದಿನೆಂಟು ದಿನ ಹಿಡಿಯಿತು. ನನ್ನ ಮದುವೆ ಇದರ ಅರ್ಧದಷ್ಟು ದಿನದಲ್ಲಿ ಗೊತ್ತಾಗಿತ್ತು ಎಂದು ಇವಳು, ಅಂದರೆ ನನ್ನ ಹೆಂಡತಿ, ಆಗಾಗ ನೆನಪಿಸುತ್ತಿದ್ದಳು.

ಕಾಳಾಚಾರಿ ಹೋಗುವಾಗ ಸ್ಪಷ್ಟವಾಗಿ ಹೇಳಿದ್ದ. "ತೆಳ್ಳಗೆ ಎರಡು ಕೈ ಸಾಕು ಕಣ್ರೀ. ಮರ ಕುಡಿದಷ್ಟು ಕುಡೀಲಿ, ಮಿಕ್ಕಿದ್ದ ಬಟ್ಟೇಲಿ ಒರೆಸ್ಬಿಡಿ. ಒಂದು ಕೈ ಒಣಗ್ದೆ ಇನ್ನೊಂದು ಕೈ ಹಾಕ್ಬೇಡಿ." ಉಳಿ ಹಿಡಿಯುವವನ ಮಾತನ್ನು ಇಂಗ್ಲಿಷ್ ಓದಿದವನು ಕೇಳುವುದುಂಟೆ? ಎರಡು ಕೈ ಒಳ್ಳೆಯದಾದರೆ ಐದು ಕೈ ಇನ್ನೂ ಒಳ್ಳೆಯದಲ್ಲವೆ? ಆಳುಗಳ ಮೇಲೆ ನಂಬಿಕೆಯಿಲ್ಲದೆ ನಾನೇ ಪಂಚೆ ಎತ್ತಿ ಕಟ್ಟಿ ಕೂತೆ. ಒಂದೇ ದಿನದಲ್ಲಿ ಐದು ಕೈ ಬಳಿದೆ, ಒರೆಸುವ ಬಟ್ಟೆಯನ್ನು ಮುಟ್ಟಲೂ ಇಲ್ಲ. ಗೇರೆಣ್ಣೆ ತಾಗಿದಲ್ಲೆಲ್ಲ ಕೈಯಲ್ಲಿ ಬೊಬ್ಬೆ ಎದ್ದು ಚರ್ಮ ಸುಲಿಯಿತು. ಜಗಲಿ ಫಳಫಳ ಹೊಳೆಯಿತು. ಪಟೇಲ ತನ್ನ ಜಗಲಿಯಿಂದ ಎದ್ದು ಬಂದು ನೋಡಿ, ಟವಲು ಕೊಡವಿಕೊಂಡು ಹಿಂತಿರುಗಿದ. ಅವತ್ತಿನ ಸಂತೋಷ ಇವತ್ತಿಗೂ ಮರೆತಿಲ್ಲ.

ಜಗಲಿ ಒಣಗಲಿಲ್ಲ. ಮೂರು ದಿನವಾಯಿತು, ಎಂಟು ದಿನವಾಯಿತು. ಬೆರಳಿಟ್ಟರೆ ಬೆರಳು ಅಂಟುತ್ತಿತ್ತು. ಅದರ ಮೇಲೆ ಯಾರೂ ಕಾಲಿಡಕೂಡದೆಂದು ನಾನು ಅಡ್ಡಗೋಲು ಕಟ್ಟಿದೆ. ಮನೆಮಂದಿಯೆಲ್ಲ ಕೊಟ್ಟಿಗೆ ದಾಟಿ ಹಿತ್ತಿಲ ಬಾಗಿಲಲ್ಲಿ ಓಡಾಡಬೇಕಾಯಿತು. ಮುಂಬಾಗಿಲಿಗೆ ಸಗಣಿ ಸಾರಿಸುವುದು, ರಂಗೋಲಿ ಇಡುವುದು ಎಲ್ಲ ನಿಂತಿತು. ಇವಳು, "ಶುಕ್ರವಾರನಾದ್ರೂ ಒಂದು ಎಳೆ ರಂಗೋಲಿ ಎಳೀತೀನಿ" ಎಂದಳು. ನಾನು ಬಿಡಲಿಲ್ಲ.

ನಮ್ಮ ಕಡೆ ಒಂದು ಮನೆಯ ಮುಂದೆ ಹತ್ತು ದಿನ ಸಾರಿಸಿಲ್ಲ, ರಂಗೋಲಿಯಿಲ್ಲ, ಜನ ಹಿತ್ತಿಲಲ್ಲಿ ಓಡಾಡುತ್ತಾರೆ ಎಂದರೆ ಒಂದೇ ಅರ್ಥ: ಆ ಮನೆಯಲ್ಲಿ ಸಾವಾಗಿದೆ. ಸಂತೆಗೆ ಹೋದವರು ಸುದ್ದಿಯನ್ನು ಹೊತ್ತುಕೊಂಡು ಹೋದರು. ಹನ್ನೊಂದನೆಯ ದಿನ ಸಖರಾಯಪಟ್ಟಣದಿಂದ ಇವಳ ಅಣ್ಣ ತಲೆಯ ಮೇಲೆ ಟವಲು ಹಾಕಿಕೊಂಡು ಗಾಡಿಯಿಂದ ಇಳಿದ. ಹಿತ್ತಿಲಲ್ಲಿ ಬೊಬ್ಬೆಗೆ ಬೆಣ್ಣೆ ಹಚ್ಚಿಕೊಳ್ಳುತ್ತಿದ್ದ ನನ್ನನ್ನು ಕಂಡು ನಿಂತೇಬಿಟ್ಟ.

"ಹಂಗಾದ್ರೆ ನೀವಲ್ವಾ ಭಾವ?" ಎಂದ. ದನಿಯಲ್ಲಿ ಸಂತೋಷ ನಾನು ಬಯಸಿದಷ್ಟು ಇರಲಿಲ್ಲ.

ಇವಳು ಅಣ್ಣನಿಗೆ ಊಟ ಬಡಿಸಿದಳು, ಗಾಡಿ ಹತ್ತಿಸಿದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಬದುಕಿರುವ ಗಂಡನನ್ನು ತವರಿನವರ ಕಣ್ಣಲ್ಲಿ ಸತ್ತವನನ್ನಾಗಿ ಮಾಡಿದ ಜಗಲಿಯನ್ನು ಯಾವ ಹೆಂಗಸು ಕ್ಷಮಿಸುತ್ತಾಳೆ? ತಪ್ಪು ನನ್ನದೇ ಎಂದು ನನಗೂ ಗೊತ್ತಿತ್ತು. ಆದರೂ ಅಡ್ಡಗೋಲು ಬಿಚ್ಚಲಿಲ್ಲ.

ಅಷ್ಟರಲ್ಲಿ ಅಮಲ್ದಾರರ ಸವಾರಿ ಎಮ್ಮೆದೊಡ್ಡಿಯ ದನದ ಕಾವಲು ನೋಡಿಕೊಂಡು ನಮ್ಮೂರಿಗೆ ಬರುತ್ತದೆಂದು ತಿಳಿಯಿತು. ನಾನು ಬೆಳಗಾಗುತ್ತಲೇ ರುಮಾಲು ಸುತ್ತಿಕೊಂಡು ಊರಾಚೆಯೇ ಅವರನ್ನು ಎದುರುಗೊಳ್ಳಲು ಹೋದೆ. ಹೋಗುವಾಗ, "ದೊಡ್ಡವರು ಬರ್ತಾರೆ, ಜಗಲಿ ಮೇಲೆ ಚಾಪೆ ಹಾಸಿರು" ಎಂದಷ್ಟೇ ಹೇಳಿದೆ. ಅಮಲ್ದಾರರು ನಮ್ಮ ಮನೆಗೆ ಬರಬೇಕೆಂಬ ನನ್ನ ಮಾತಿಗೆ ಒಪ್ಪಿ, ಇಳಿಹೊತ್ತಿಗೆ ಪಟೇಲನನ್ನೂ ಕರೆದುಕೊಂಡು ನಮ್ಮ ಬೀದಿಗೆ ತಿರುಗಿದರು. ನಾನು ತಲೆಯೆತ್ತಿ ನೋಡಿದೆ. ಹಲಗೆ ಜಗಲಿ ಇರಲಿಲ್ಲ. ಅದರ ಜಾಗದಲ್ಲಿ ಅಜ್ಜನ ಕಾಲದ್ದೇ ಎದ್ದು ಬಂದಂತೆ ಒಂದು ಮಣ್ಣಿನ ಜಗಲಿ, ನುಣ್ಣಗೆ ಸಾರಿಸಿ, ಮೂಲೆ ಮೂಲೆಗೂ ರಂಗೋಲಿ ಇಟ್ಟದ್ದು, ತಣ್ಣಗೆ ಕೂತಿತ್ತು.

ಬಾಗಿಲ ಮರೆಯಲ್ಲಿ ನಿಂತಿದ್ದ ಇವಳ ಕಡೆ ಕಣ್ಣು ಬಿಟ್ಟೆ. "ದೊಡ್ಡವರು ಬತ್ತಾರೆ ಅಂದ್ಮೇಲೆ ಸಾರಿಸ್ದೆ ಬಿಡಕ್ಕಾಯ್ತದಾ?" ಎಂದು ಮೆಲ್ಲಗೆ ಹೇಳಿದಳು. "ಜಿಡ್ಡಿಗೆ ಮೊದ್ಲು ಒಲೆ ಬೂದಿ ಉದುರಿಸ್ದೆ, ಮೇಲೆ ಮಣ್ಣು, ಅದರ ಮೇಲೆ ಸಗಣಿ. ಗಟ್ಟಿಯಾಗಿ ಹಿಡ್ಕೊಂಡದೆ." ಅಣ್ಣ ಬಂದು ಹೋದ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಅಮಲ್ದಾರರು ಚಾಪೆಯ ಮೇಲೆ ಕೂತು ಅಂಗೈಯಿಂದ ನೆಲ ಸವರಿದರು. "ಎಷ್ಟು ತಂಪಾಗಿದೆ ಗೌಡ್ರೇ. ಈಗೀಗ ಹಳ್ಳಿಯೋರೂ ಸಾಹೇಬರನ್ನ ನೋಡಿ ಹಲಗೆ ಹಾಸ್ಕೊಂಡು ಮೆರೀತಾರಂತೆ. ನೀವು ಓದ್ದೋರು, ಆದ್ರೂ ಹಳೇ ಪದ್ಧತಿ ಬಿಟ್ಟಿಲ್ಲ. ಬೋರ್ಡಿಗೆ ಇಂಥೋರು ಬೇಕು" ಎಂದರು.

ಪಟೇಲ ಬಾಯಿ ತೆರೆದ. ಸತ್ಯ ಹೇಳುವುದಿದ್ದರೆ ಅದೇ ಸಮಯ. ನಾನು ಅವನಿಗಿಂತ ಮೊದಲು ಎರಡೂ ಕೈ ಜೋಡಿಸಿ, "ಆಡಂಬರ ಅಂದ್ರೆ ನಮ್ಮ ಮನೇಲಿ ಯಾರಿಗೂ ಆಗಲ್ಲ ಸ್ವಾಮಿ" ಎಂದೆ. ಸುಲಿದ ಕೈಗಳನ್ನು ನೋಡಿ ಅಮಲ್ದಾರರು, ಸ್ವಂತ ಕೈಯಿಂದ ದುಡಿಯುವ ಗೌಡನೆಂದು ಇನ್ನಷ್ಟು ಮೆಚ್ಚಿದರು. ಪಟೇಲ ತೆರೆದ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ.

ಬೋರ್ಡಿನ ಕುರ್ಚಿ ಸಿಕ್ಕಿತು. ಕಡೂರಿಗೆ ಹೋದಾಗಲೆಲ್ಲ ಸರಳ ಬದುಕಿನ ಬಗ್ಗೆ ನಾಲ್ಕು ಮಾತಾಡಿ ಬರುತ್ತೇನೆ. ಜನ ಮೆಚ್ಚುತ್ತಾರೆ. ಇವಳು ಮಂಗಳವಾರ ಶುಕ್ರವಾರ ತಪ್ಪದೆ ಸಾರಿಸುತ್ತಾಳೆ, ವರ್ಷದಿಂದ ವರ್ಷಕ್ಕೆ ಜಗಲಿ ದಪ್ಪವಾಗುತ್ತಿದೆ. ಒಳಗಿನ ಹೊನ್ನೆಗೆ ಬಿಸಿಲಿಲ್ಲ, ಮಳೆಯಿಲ್ಲ. ಐದು ಕೈ ಗೇರೆಣ್ಣೆ ಕುಡಿದ ಮರಕ್ಕೆ ಗೆದ್ದಲೂ ಬಂದಿಲ್ಲ. ಬೀದಿಯಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಾನು ಒಮ್ಮೊಮ್ಮೆ ಹಿಮ್ಮಡಿಯಿಂದ ಅದನ್ನು ಕುಟ್ಟುತ್ತೇನೆ. ಕೆಳಗಿನಿಂದ ಹಲಗೆ ದಬ್ ಎನ್ನುತ್ತದೆ. ಆ ಸದ್ದಿಗೆ ಒಳಗಿನಿಂದ ಇವಳು, "ಯಾರ್ ಬಂದ್ರು?" ಎಂದು ಕೇಳುತ್ತಾಳೆ.

"ಯಾರೂ ಇಲ್ಲ ಕಣೇ, ನಾನೇ" ಎನ್ನುತ್ತೇನೆ.